18ನೇ ಶತಮಾನದ ಬ್ರಿಟಿಷ್ ಭಾವಚಿತ್ರವನ್ನು ಓದುವುದು ಹೇಗೆ: ಮೊದಲು ಅಳತೆ, ಆಮೇಲೆ ಕೈ, ಕೊನೆಗೆ ಮುಖ

ಈ ಬರಹಕ್ಕೆ ಕಾರಣ ಒಂದೇ. 18ನೇ ಶತಮಾನದ ಬ್ರಿಟಿಷ್ ಭಾವಚಿತ್ರಗಳ ಬಗ್ಗೆ ಓದುಗರು ಬರೆದು ಕಳಿಸುವ ಟಿಪ್ಪಣಿಗಳು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಿವೆ. "ಇವರ ಕಣ್ಣಲ್ಲಿ ಏನೋ ನೋವಿದೆ", "ತುಟಿಯಲ್ಲಿ ಗರ್ವ ಕಾಣುತ್ತದೆ" ಎಂದು ಶುರುವಾಗುತ್ತವೆ. ಎರಡು ಸಾಲು ಆದ ಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಬಟ್ಟೆ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂತ ಮುಗಿದುಹೋಗುತ್ತವೆ.

ಎಡವಟ್ಟಾಗುವುದು ನೋಡುವ ಕ್ರಮದಲ್ಲಿ. ಈ ಚಿತ್ರಗಳು ಆರ್ಡರ್ ಕೊಟ್ಟು ಮಾಡಿಸಿದ ವಸ್ತುಗಳು. ಅಳತೆ ಇಷ್ಟು, ಬೆಲೆ ಇಷ್ಟು, ಮುಂಗಡ ಇಷ್ಟು ಅಂತ ಮೊದಲೇ ಮಾತಾಗುತ್ತಿತ್ತು. ಮನೆಗೆ ಬಂದವರೆಲ್ಲ ನೋಡಲಿ ಅಂತ ತೂಗುಹಾಕುತ್ತಿದ್ದರು. ಹಾಗಾಗಿ "ಈ ಮನುಷ್ಯ ಒಳಗೆ ಎಂಥವನು" ಅಂತ ಕೇಳುವ ಮುಂಚೆ "ಹೇಗೆ ಕಾಣಬೇಕು ಅಂತ ಇವನು ದುಡ್ಡು ಕೊಟ್ಟ" ಎಂದು ಕೇಳಬೇಕು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮುಖ ಬರುವುದು ಎಂಟನೇ ಹಂತದಲ್ಲಿ. ಅಲ್ಲಿಯವರೆಗೆ ತಡೆದುಕೊಳ್ಳಿ.

## ಶುರು ಮಾಡುವ ಮುನ್ನ ಬೇಕಾದ್ದು

ಚಿತ್ರದ ದೊಡ್ಡ ಡಿಜಿಟಲ್ ಪ್ರತಿ ಬೇಕು. ಚಿತ್ರ ಯಾವ ಮ್ಯೂಸಿಯಂನಲ್ಲಿದೆಯೋ ಆ ಮ್ಯೂಸಿಯಂನ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿ, ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಅಮೆರಿಕದ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್ ಮೊದಲು ನೋಡಬೇಕಾದ ಜಾಗಗಳು. ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಗಳ ಎಣ್ಣೆಬಣ್ಣದ ಚಿತ್ರಗಳು ಆರ್ಟ್ ಯುಕೆ ತಾಣದಲ್ಲಿ ಒಂದೇ ಕಡೆ ಸಿಗುತ್ತವೆ. ವಾಟ್ಸಾಪಿನಲ್ಲಿ ಬಂದ ಚಿತ್ರ ಬೇಡವೇ ಬೇಡ. ಅಂಚು ಕತ್ತರಿಸಿರುತ್ತಾರೆ, ಬಣ್ಣ ಏರಿಸಿರುತ್ತಾರೆ.

ಒಂದು ಅಳತೆ ಟೇಪು ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಕಾಣುವುದು", ಬಲಕ್ಕೆ "ನನ್ನ ಊಹೆ" ಎಂದು ಬರೆಯಿರಿ. ಕೊನೆಯದಾಗಿ ಒಂದು ಕಾಗದದ ಚೂರು, ಮುಖ ಮುಚ್ಚುವುದಕ್ಕೆ. ಇದು ಆಟದ ಮಾತಲ್ಲ. ಮುಖ ಕಾಣುತ್ತಿದ್ದರೆ ನಮ್ಮ ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ.

ಒಂದು ಚಿತ್ರಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಥಾಮಸ್ ಗೇನ್ಸ್‌ಬರೊ ಸುಮಾರು 1750ರಲ್ಲಿ ಬರೆದ "ಮಿಸ್ಟರ್ ಅಂಡ್ ಮಿಸೆಸ್ ಆಂಡ್ರೂಸ್" ತೆಗೆದುಕೊಂಡರೆ ಒಳ್ಳೆಯದು. ಅದು ನ್ಯಾಷನಲ್ ಗ್ಯಾಲರಿಯಲ್ಲಿದೆ. ಹೆಚ್ಚುಕಡಿಮೆ ಎಲ್ಲ ಹಂತಕ್ಕೂ ಅದರಲ್ಲಿ ಕೆಲಸ ಇದೆ.

## ಹಂತ 1: ಇದು ಪೂರ್ತಿ ಚಿತ್ರವೇ, ಮೂಲ ಚಿತ್ರವೇ?

ಮೊದಲು ದಾಖಲೆಯಲ್ಲಿರುವ ಅಗಲ-ಎತ್ತರಕ್ಕೂ ನಿಮ್ಮ ಎದುರಿನ ಚಿತ್ರದ ಆಕಾರಕ್ಕೂ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಯಾರೋ ಕತ್ತರಿಸಿದ್ದಾರೆ.

ಆಮೇಲೆ, ಇದು ಬಣ್ಣದ ಚಿತ್ರವೇ ಅಥವಾ ಅದನ್ನು ನೋಡಿ ಮಾಡಿದ ಅಚ್ಚೇ? ಆ ಕಾಲದಲ್ಲಿ ಹೆಸರಾಂತ ಭಾವಚಿತ್ರಗಳನ್ನು ಮೆಜೊಟಿಂಟ್ ಎಂಬ ತಾಮ್ರದ ತಗಡಿನ ಅಚ್ಚಿನಲ್ಲಿ ಮುದ್ರಿಸಿ ಮಾರುತ್ತಿದ್ದರು. ಅಚ್ಚಿನಲ್ಲಿ ಚಿತ್ರ ಎಷ್ಟೋ ಸಲ ಕನ್ನಡಿಯಲ್ಲಿ ಕಂಡಂತೆ ತಿರುಗಿಹೋಗಿರುತ್ತದೆ. ಕತ್ತಿ ಬಲಸೊಂಟದಲ್ಲಿ ಇದ್ದರೆ, ಗಂಡಸಿನ ಕೋಟಿನ ಗುಂಡಿ ಎದುರುಬದುರಾಗಿದ್ದರೆ ನಿಲ್ಲಿ. ನೀವು ನೋಡುತ್ತಿರುವುದು ತಿರುವಿದ ಚಿತ್ರ ಇರಬಹುದು. ಹೀಗಿದ್ದಾಗ "ಎಡಗೈಯಲ್ಲಿ ಹಿಡಿದಿದ್ದಾನೆ" ಎಂದು ಬರೆದದ್ದೆಲ್ಲ ತಪ್ಪಾಗುತ್ತದೆ.

## ಹಂತ 2: ಅಳತೆ ಓದಿ, ಬೆಲೆ ತಿಳಿಯಿರಿ

ಲಂಡನ್ನಿನ ಕಲಾವಿದರು ಕ್ಯಾನ್ವಾಸನ್ನು ಗೊತ್ತಾದ ಅಳತೆಗಳಲ್ಲೇ ಕೊಳ್ಳುತ್ತಿದ್ದರು. ಇವಿಷ್ಟು ನೆನಪಿದ್ದರೆ ಸಾಕು. 76 × 63 ಸೆಂಟಿಮೀಟರ್ ಎಂದರೆ ತಲೆ ಮತ್ತು ಭುಜ. 91 × 71 ಎಂದರೆ ಕಿಟ್-ಕ್ಯಾಟ್; ಇದರಲ್ಲಿ ಒಂದು ಕೈಗೂ ಜಾಗ ಸಿಗುತ್ತದೆ. 127 × 102 ಎಂದರೆ ಹಾಫ್-ಲೆಂಗ್ತ್, ಹೆಚ್ಚುಕಡಿಮೆ ಮಂಡಿಯವರೆಗೆ. 239 × 147 ಎಂದರೆ ಅಡಿಯಿಂದ ಮುಡಿಯವರೆಗೆ ಇಡೀ ಆಳು. ಕಿಟ್-ಕ್ಯಾಟ್ ಎಂಬ ಹೆಸರು ಗಾಡ್‌ಫ್ರಿ ನೆಲ್ಲರ್ ಅದೇ ಹೆಸರಿನ ಕ್ಲಬ್ಬಿನ ಸದಸ್ಯರನ್ನು ಆ ಅಳತೆಯಲ್ಲಿ ಬರೆದಿದ್ದರಿಂದ ಬಂತು.

ಟೇಪು ಹಿಡಿದು ಗೋಡೆಯ ಮೇಲೆ 239 ಸೆಂಟಿಮೀಟರ್ ಗುರುತು ಮಾಡಿ. ಎಂಟು ಅಡಿಗೆ ಹತ್ತಿರ. ಮೊಬೈಲಿನಲ್ಲಿ ಎಲ್ಲ ಚಿತ್ರವೂ ಅಂಗೈಯಷ್ಟೇ ಕಾಣುತ್ತದೆ. ಅದಕ್ಕೇ ಈ ಹಂತವನ್ನು ಸುಮ್ನೆ ಹಾರಿಸಬೇಡಿ.

ಅಳತೆ ಗೊತ್ತಾದರೆ ದುಡ್ಡು ಗೊತ್ತಾಗುತ್ತದೆ. ಜೋಶುವಾ ರೆನಾಲ್ಡ್ಸ್ 1764ರಲ್ಲಿ ತಲೆಯ ಚಿತ್ರಕ್ಕೆ 30 ಗಿನಿ, ಹಾಫ್-ಲೆಂಗ್ತಿಗೆ 70, ಪೂರ್ತಿ ಆಳಿಗೆ 150 ಗಿನಿ ತೆಗೆದುಕೊಳ್ಳುತ್ತಿದ್ದರು. 1782ರ ಹೊತ್ತಿಗೆ ಅದು 50, 100, 200 ಆಯಿತು. ಒಂದು ಗಿನಿ ಎಂದರೆ 21 ಶಿಲಿಂಗ್. ಚಿತ್ರಕ್ಕೆ ಕೂರುವ ಮೊದಲ ದಿನವೇ ಅರ್ಧ ಕೊಡಬೇಕಿತ್ತು. ಒಂದು ಕುಟುಂಬ ಮಗನಿಗೆ ಪೂರ್ತಿ ಆಳು, ಮಗಳಿಗೆ ತಲೆ-ಭುಜ ಮಾತ್ರ ಬರೆಸಿದ್ದರೆ ಅಲ್ಲೇ ಒಂದು ಮಾತಿದೆ, ಅಲ್ವಾ?

ಅಳತೆ ರೂಢಿಯನ್ನು ಮುರಿದಾಗ ಇನ್ನೂ ಜಾಸ್ತಿ ಗಮನ ಕೊಡಿ. ವಿಲಿಯಂ ಹೋಗಾರ್ತ್ 1740ರಲ್ಲಿ ಕ್ಯಾಪ್ಟನ್ ಥಾಮಸ್ ಕೋರಮ್ ಅವರನ್ನು ಪೂರ್ತಿ ಅಳತೆಯಲ್ಲಿ ಬರೆದರು. ಹಿಂದೆ ಕಂಬ, ಪರದೆ. ರಾಜರಿಗೂ ಶ್ರೀಮಂತ ಮನೆತನದವರಿಗೂ ಹಾಕುತ್ತಿದ್ದ ಮಂಟಪವೇ ಅದು. ಕೂತವರು ಮಾತ್ರ ಹಡಗಿನ ಕೆಲಸ ಮಾಡಿ ಬಂದ ಮುದುಕರು. ತಲೆಗೆ ವಿಗ್ ಇಲ್ಲ, ಸ್ವಂತ ಬಿಳಿಕೂದಲು. ಕಾಲು ನೆಲಕ್ಕೆ ಸರಿಯಾಗಿ ಊರುವುದೂ ಇಲ್ಲ. ಅನಾಥ ಮಕ್ಕಳಿಗಾಗಿ ಅವರು ಕಟ್ಟಿದ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಆಶ್ರಯಮನೆಗೆ ಹೋಗಾರ್ತ್ ಈ ಚಿತ್ರವನ್ನು ಉಡುಗೊರೆ ಕೊಟ್ಟರು. ಅಳತೆ ನೋಡದೆ ಈ ಚಿತ್ರದ ಬಗ್ಗೆ ಬರೆದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಎಚ್ಚರಿಕೆ: ಹಳೆಯ ಕಾಗದಪತ್ರದಲ್ಲಿ "ತ್ರೀ-ಕ್ವಾರ್ಟರ್" ಎಂದಿದ್ದರೆ ಮುಕ್ಕಾಲು ಆಳು ಎಂದು ಓದಬೇಡಿ. ಆ ಕಾಲದಲ್ಲಿ ಅದು ತಲೆ-ಭುಜದ 76 × 63 ಕ್ಯಾನ್ವಾಸಿನ ಹೆಸರು. ಇನ್ನೊಂದು, ಚಿತ್ರ ಈ ಯಾವ ಅಳತೆಗೂ ಹೊಂದದೆ, ಮೊಣಕೈಯೋ ಬೆರಳೋ ಅಂಚಿನಲ್ಲಿ ಅಡ್ಡಾದಿಡ್ಡಿ ತುಂಡಾಗಿದ್ದರೆ, ಮುಂದಿನ ಕಾಲದಲ್ಲಿ ಯಾರೋ ಕ್ಯಾನ್ವಾಸನ್ನೇ ಕತ್ತರಿಸಿರಬಹುದು.

## ಹಂತ 3: ಮುಖ ಮುಚ್ಚಿ, ಕೈ ನೋಡಿ

ಈಗ ಕಾಗದದ ಚೂರನ್ನು ಮುಖದ ಮೇಲೆ ಇಡಿ. ಈ ಹಂತಕ್ಕೆ ಕನಿಷ್ಠ ಹದಿನೈದು ನಿಮಿಷ ಕೊಡಿ.

ಆ ಕಾಲದ ಇಂಗ್ಲೆಂಡಿನ ಮೇಲ್ವರ್ಗದಲ್ಲಿ ನಿಲ್ಲುವುದು, ನಡೆಯುವುದು, ಟೋಪಿ ತೆಗೆಯುವುದು, ಒಂದು ವಸ್ತುವನ್ನು ಕೊಡುವುದು-ತೆಗೆದುಕೊಳ್ಳುವುದು ಎಲ್ಲವೂ ಕಲಿತು ಬರಬೇಕಾದ ವಿದ್ಯೆ. ನೃತ್ಯದ ಮೇಷ್ಟ್ರುಗಳು ಮನೆಗೆ ಬಂದು ಕಲಿಸುತ್ತಿದ್ದರು. ಫ್ರಾಂಸ್ವಾ ನಿವೆಲಾನ್ ಎಂಬ ನೃತ್ಯದ ಮೇಷ್ಟ್ರು 1737ರಲ್ಲಿ ಈ ಭಂಗಿಗಳನ್ನೆಲ್ಲ ಚಿತ್ರಸಮೇತ ಒಂದು ಪುಸ್ತಕವನ್ನೇ ಮಾಡಿದರು. ಒಂದು ಕೈಯನ್ನು ವೇಸ್ಟ್‌ಕೋಟಿನ ಗುಂಡಿಗಳ ನಡುವೆ ತೂರಿಸಿ ನಿಲ್ಲುವ ಭಂಗಿಯೂ ಅದರಲ್ಲಿದೆ. ಥಾಮಸ್ ಹಡ್ಸನ್ ಬರೆದ ಎಷ್ಟೋ ಗಂಡಸರು ಹಾಗೇ ನಿಂತಿದ್ದಾರೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. "ನೆಪೋಲಿಯನ್ ಥರ ನಿಂತಿದ್ದಾನೆ" ಎಂದು ಬರೆಯುತ್ತಾರೆ. ನೆಪೋಲಿಯನ್ ಹುಟ್ಟಿದ್ದೇ 1769ರಲ್ಲಿ. ಅಥವಾ "ಕೈ ಮುಚ್ಚಿಟ್ಟುಕೊಂಡಿದ್ದಾನೆ, ಸಂಕೋಚದ ಮನುಷ್ಯ" ಎನ್ನುತ್ತಾರೆ. ಇಂದಿನ ದೇಹಭಾಷೆಯ ಪಾಠವನ್ನು ಅಂದಿನ ಮೈಗೆ ಹಚ್ಚಬೇಡಿ. ಆ ಭಂಗಿ ಹೇಳುವುದು ಇಷ್ಟೇ: ನನಗೆ ಸಭ್ಯ ನಡತೆ ಗೊತ್ತು, ಅದಕ್ಕೆ ನಾನು ಕಷ್ಟಪಡುತ್ತಿಲ್ಲ.

ಕೈಯನ್ನು ನೋಡುವಾಗ ಮೂರು ಪ್ರಶ್ನೆ ಕೇಳಿ. ಕೈ ಸುಮ್ನೆ ಇದೆಯೇ, ಏನಾದರೂ ಹಿಡಿದಿದೆಯೇ, ಏನನ್ನಾದರೂ ತೋರಿಸುತ್ತಿದೆಯೇ? ರೆನಾಲ್ಡ್ಸ್ 1787ರಲ್ಲಿ ಬರೆದ ಲಾರ್ಡ್ ಹೀತ್‌ಫೀಲ್ಡ್ ಕೈಯಲ್ಲಿ ದೊಡ್ಡ ಬೀಗದ ಕೈ ಹಿಡಿದು ನಿಂತಿದ್ದಾರೆ. ಅದು ಜಿಬ್ರಾಲ್ಟರ್ ಕೋಟೆಯದು. ಮುತ್ತಿಗೆಯ ಕಾಲದಲ್ಲಿ ಕೋಟೆಯನ್ನು ಬಿಟ್ಟುಕೊಡದೆ ಕಾದವರು ಅವರು. ಆ ಬೀಗದ ಕೈ ತೆಗೆದುಬಿಟ್ಟರೆ ಉಳಿಯುವುದು ಕೆಂಪು ಕೋಟಿನ ಒಬ್ಬ ಮುದುಕ ಅಷ್ಟೇ.

ಭಂಗಿ ಎರವಲು ತಂದದ್ದೂ ಇರುತ್ತದೆ. ರೆನಾಲ್ಡ್ಸ್ 1752-53ರಲ್ಲಿ ಬರೆದ ನೌಕಾಪಡೆಯ ಕೆಪೆಲ್ ದಡದ ಮೇಲೆ ಹೆಜ್ಜೆ ಹಾಕುವ ರೀತಿ ಅಪೊಲೊ ಬೆಲ್ವೆಡೆರ್ ಎಂಬ ಪ್ರಾಚೀನ ಶಿಲ್ಪವನ್ನು ನೆನಪಿಸುತ್ತದೆ. ಇಟಲಿಗೆ ಹೋಗಿಬಂದವರಿಗೆ ಇದು ಥಟ್ಟನೆ ಹೊಳೆಯಲಿ ಎಂಬುದು ಉದ್ದೇಶ.

ಕೈ ಬಿಟ್ಟು ಓದಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮೈಸೂರಿನದೇ ಒಂದು ಉದಾಹರಣೆ ಇದೆ. ಡಬ್ಲಿನ್‌ನಲ್ಲಿ ಹುಟ್ಟಿದ ಥಾಮಸ್ ಹಿಕಿ ಸುಮಾರು 1805ರಲ್ಲಿ ಮೂವರು ಹೆಂಗಸರ ಚಿತ್ರ ಬರೆದರು. ಬಹಳ ಕಾಲ ಇವರನ್ನು ನರ್ತಕಿಯರೋ ಗಣಿಕೆಯರೋ ಇರಬೇಕು ಎಂದುಕೊಂಡಿದ್ದರು. ಬಲಗಡೆ ಇರುವಾಕೆ ಸೀರೆ ಸರಿಸಿ ತೋಳು ತೋರಿಸುತ್ತಿರುವುದನ್ನು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗಂಭೀರವಾಗಿ ತೆಗೆದುಕೊಂಡರು. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ, ಇವರು ಮೈಸೂರು ಅರಮನೆಯ ಹೆಂಗಸರು ಎಂಬುದು ಅವರ ವಾದ. ಒಂದು ಕೈಯನ್ನು ಸರಿಯಾಗಿ ನೋಡಿದ್ದಕ್ಕೆ ಇಡೀ ಚಿತ್ರದ ಅರ್ಥ ಬದಲಾಯಿತು. ಇದನ್ನು ಓದಿದ ಮೇಲೆ ನಾನು ಯಾವ ಚಿತ್ರದಲ್ಲೂ ಕೈಯನ್ನು ಬಿಟ್ಟು ಮುಂದೆ ಹೋಗಿಲ್ಲ.

## ಹಂತ 4: ಬಟ್ಟೆ ಯಾವ ಜಾತಿಯದು?

ಬಟ್ಟೆಯಿಂದ ಕಾಲ ಹೇಳಬಹುದು. ಆದರೆ ಅದಕ್ಕೆ ಮುಂಚೆ ಅದು ಯಾವ ಬಗೆಯ ಬಟ್ಟೆ ಅಂತ ವಿಂಗಡಿಸಿ. ಇದನ್ನು ಮಾಡದೆ ಕಾಲ ಹೇಳಲು ಹೋದವರು ನೂರು ವರ್ಷ ಹಿಂದೆಮುಂದೆ ಆಗುತ್ತಾರೆ.

ಮೊದಲನೆಯದು, ಆ ದಿನಗಳ ಫ್ಯಾಷನ್. ಇದರಿಂದ ಕಾಲ ಸಿಗುತ್ತದೆ. ಭುಜದ ಕೆಳಗೂ ಇಳಿಯುವ ದೊಡ್ಡ ವಿಗ್ ಇದ್ದರೆ ಶತಮಾನದ ಮೊದಲ ದಶಕಗಳು. ಹಿಂದೆ ರಿಬ್ಬನ್ ಕಟ್ಟಿದ ಚಿಕ್ಕ ವಿಗ್ ಆಮೇಲಿನದು. ಹೆಂಗಸರ ಲಂಗ ಎರಡೂ ಬದಿಗೆ ಚಾಚಿಕೊಂಡಿದ್ದರೆ ಶತಮಾನದ ನಡುಭಾಗ. ಕೂದಲನ್ನು ಗೋಪುರದಂತೆ ಎತ್ತಿ ಕಟ್ಟಿದ್ದರೆ 1770ರ ದಶಕ. ಸೊಂಟದ ಗೆರೆ ಎದೆಯ ಕೆಳಕ್ಕೇ ಏರಿ, ಬಿಳಿ ಮಸ್ಲಿನ್ ನೇರ ಇಳಿಬಿದ್ದಿದ್ದರೆ 1790ರ ದಶಕದ ನಡುವಿನಿಂದ ಈಚೆಗೆ. ಕೂದಲಿಗೆ ಪುಡಿ ಹಾಕುವವರ ಮೇಲೆ 1795ರಲ್ಲಿ ವರ್ಷಕ್ಕೆ ಒಂದು ಗಿನಿ ತೆರಿಗೆ ಬಂತು. ಅಲ್ಲಿಂದ ಪುಡಿ ಕಡಿಮೆಯಾಗುತ್ತದೆ.

ಎರಡನೆಯದು, ವೇಷ. ಗೇನ್ಸ್‌ಬರೊ ಅವರ "ಬ್ಲೂ ಬಾಯ್" ನೋಡಿ. ನೀಲಿ ರೇಷ್ಮೆ, ಅಗಲವಾದ ಲೇಸಿನ ಕಾಲರು. 1630ರ ದಶಕದ ಹುಡುಗ ಅನ್ನಿಸುತ್ತದೆ. ಚಿತ್ರ ಪ್ರದರ್ಶನಕ್ಕೆ ಬಂದದ್ದು 1770ರಲ್ಲಿ. 1641ರಲ್ಲಿ ತೀರಿಕೊಂಡ ಕಲಾವಿದ ವಾನ್ ಡೈಕ್ ಬರೆಯುತ್ತಿದ್ದ ಉಡುಪನ್ನು ವೇಷವಾಗಿ ಹಾಕಿಕೊಳ್ಳುವುದು ಚಿತ್ರ ಬರೆಸಿಕೊಳ್ಳುವವರಿಗೆ ಇಷ್ಟವಾಗಿತ್ತು. ಹಳೆ ಮನೆತನದ ಕಳೆ ಬರುತ್ತಿತ್ತು ನೋಡಿ.

ಮೂರನೆಯದು, ಯಾವ ಕಾಲಕ್ಕೂ ಸೇರದ ಬಟ್ಟೆ. ಫ್ಯಾಷನ್ ಬದಲಾದರೆ ಚಿತ್ರ ಹಳತಾಗುತ್ತದೆ ಎಂಬ ಚಿಂತೆ ರೆನಾಲ್ಡ್ಸ್‌ಗಿತ್ತು. ಅದಕ್ಕೇ ಎಷ್ಟೋ ಹೆಂಗಸರನ್ನು ಗ್ರೀಕ್-ರೋಮನ್ ಶಿಲ್ಪದ ನೆರಿಗೆಯನ್ನು ನೆನಪಿಸುವ ಸಡಿಲ ಬಟ್ಟೆಯಲ್ಲಿ ಬರೆದರು. ಚಿಕಾಗೊದಲ್ಲಿರುವ ಲೇಡಿ ಸಾರಾ ಬನ್‌ಬರಿ ಚಿತ್ರ ಹಾಗೆಯೇ. ದೇವತೆಯರಿಗೆ ಬಲಿ ಅರ್ಪಿಸುವ ಪೂಜಾರಿಣಿಯಂತೆ ಆಕೆ ಇದ್ದಾರೆ. ಇಂಥ ಬಟ್ಟೆಯಲ್ಲಿ ಯಾರೂ ಬೀದಿಗೆ ಬರುತ್ತಿರಲಿಲ್ಲ. ಇಲ್ಲಿ ಕಾಲ ಹುಡುಕಬೇಕಾದ್ದು ಕೂದಲಿನಲ್ಲಿ.

ಎಚ್ಚರಿಕೆ: "ಆಕೆಯ ಈ ಗೌನು" ಎಂದು ಬರೆಯುವ ಮುಂಚೆ ಯೋಚಿಸಿ. ಮುಖ ಒಬ್ಬರು, ಬಟ್ಟೆ ಇನ್ನೊಬ್ಬರು ಬರೆಯುವುದು ಮಾಮೂಲಾಗಿತ್ತು. ಜೋಸೆಫ್ ವಾನ್ ಏಕನ್ 1749ರಲ್ಲಿ ತೀರಿಕೊಳ್ಳುವವರೆಗೆ ಹಡ್ಸನ್ ಅವರಿಗೂ ಅಲನ್ ರಾಮ್ಸೆ ಅವರಿಗೂ ಬಟ್ಟೆ ಬರೆದುಕೊಟ್ಟರು. ಬೇರೆ ಬೇರೆ ಹೆಂಗಸರ ಮೈಮೇಲೆ ಅದೇ ಗೌನು, ಅದೇ ಮಡಿಕೆ ಕಂಡರೆ ಅದು ಸ್ಟುಡಿಯೋದ ಬಟ್ಟೆ.

## ಹಂತ 5: ಹಿನ್ನೆಲೆ ನಿಜವೋ, ಬರೆದಿಟ್ಟ ಪರದೆಯೋ?

ಕಂಬ, ಇಳಿಬಿದ್ದ ಕೆಂಪು ಪರದೆ, ದೂರದಲ್ಲಿ ಒಂದಿಷ್ಟು ಆಕಾಶ. ಇದು ಸಿದ್ಧ ಮಾದರಿ. ಮುಂದೆ ಫೋಟೋ ಸ್ಟುಡಿಯೋಗಳು ಇದನ್ನೇ ಹಿನ್ನೆಲೆ ಪರದೆಯಾಗಿ ತೆಗೆದುಕೊಂಡವು. ನಮ್ಮ ಅಜ್ಜಂದಿರ ಹಳೆಯ ಫೋಟೋಗಳಲ್ಲೂ ಆ ಕಂಬ ಇದೆ. ಇದರಿಂದ "ಇವರ ಮನೆ ಹೀಗಿತ್ತು" ಎಂದು ಹೇಳಲಾಗದು. ಆರ್ಥರ್ ಡೆವಿಸ್ ಬರೆದ ಅಚ್ಚುಕಟ್ಟಾದ ಕೋಣೆಗಳನ್ನೂ ಹಾಗೆ ನಂಬಬೇಡಿ. ಎಷ್ಟೋ ಕಲ್ಪನೆಯವು. ಅವರು ಬಟ್ಟೆ ತೊಡಿಸಿದ ಮರದ ಗೊಂಬೆಯನ್ನು ಇಟ್ಟುಕೊಂಡು ಬರೆಯುತ್ತಿದ್ದರು. ಆ ಆಕೃತಿಗಳು ಅಷ್ಟು ಬಿಗಿಯಾಗಿರುವುದಕ್ಕೆ ಅದೂ ಒಂದು ಕಾರಣ.

ಗುರುತಿಸಬಹುದಾದ ಜಾಗ ಕಂಡರೆ ಮಾತ್ರ ನಿಧಾನವಾಗಿ ನೋಡಿ. ಆಂಡ್ರೂಸ್ ದಂಪತಿ ಚಿತ್ರದ ಎಡಭಾಗದಲ್ಲಿದ್ದಾರೆ. ಬಲಕ್ಕೆಲ್ಲ ಭೂಮಿ. ಅದು ಸಡ್‌ಬರಿ ಊರಿನ ಹತ್ತಿರದ ಅವರ ಔಬರೀಸ್ ಎಸ್ಟೇಟು. ಕಟಾವಾದ ಬೆಳೆಯ ಕಂತೆಗಳಿವೆ. ಕೂಳೆ ನೇರ ಸಾಲಾಗಿದೆ, ಅಂದರೆ ಬೀಜವನ್ನು ಕೈಯಲ್ಲಿ ಎರಚಿಲ್ಲ, ಕೂರಿಗೆಯಂಥ ಯಂತ್ರದಲ್ಲಿ ಬಿತ್ತಿದ್ದಾರೆ. ಕುರಿಗಳು ಬೇಲಿಯೊಳಗಿವೆ. ಹೊಲದ ಬದುಕು ಗೊತ್ತಿರುವ ನಮ್ಮವರಿಗೆ ಇದು ಬೇಗ ಕಾಣುತ್ತದೆ. ಆದರೂ ಬರೆಯುವಾಗ "ಸುಂದರ ಪ್ರಕೃತಿ" ಎಂದುಬಿಡುತ್ತಾರೆ. ಒಂದು ವಿಷಯವನ್ನೂ ನೋಡಿ: ಇಷ್ಟು ಬೆಳೆ ಇದೆ, ಕೆಲಸದವರು ಒಬ್ಬರೂ ಇಲ್ಲ. ಇದನ್ನು "ಕಾಣುವುದು" ಕಡೆಗೆ ಬರೆಯಿರಿ.

## ಹಂತ 6: ಅಂಚಿನಲ್ಲಿ ಯಾರು ನಿಂತಿದ್ದಾರೆ?

ನೀವು ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಚಿತ್ರದ ಅಂಚು, ನೆರಳು, ಕುರ್ಚಿಯ ಹಿಂದೆ ಹುಡುಕಿ. ಚಹಾ ತಂದವರು, ಕುದುರೆ ಹಿಡಿದವರು, ತಟ್ಟೆ ಹಿಡಿದ ಕಪ್ಪು ವರ್ಣದ ಮಕ್ಕಳು.

ಯೇಲ್ ಸೆಂಟರ್‌ನಲ್ಲಿ ಸುಮಾರು 1719ರ ಒಂದು ಗುಂಪುಚಿತ್ರವಿದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಅಧಿಕಾರ ನಡೆಸಿ ಹೋದ ಎಲಿಹು ಯೇಲ್ ಮೇಜಿನ ಬಳಿ ಕೂತಿದ್ದಾರೆ. ಒಂದು ಬದಿಗೆ ಒಬ್ಬ ಕಪ್ಪು ಹುಡುಗ. ಅವನ ಕುತ್ತಿಗೆಯಲ್ಲಿ ಲೋಹದ ಪಟ್ಟಿ, ಅದಕ್ಕೆ ಬೀಗ. ಅದು ಒಡವೆಯಲ್ಲ. ಗುಲಾಮನ ಗುರುತು. ಬಹಳ ಕಾಲ ಚಿತ್ರದ ಹೆಸರಿನಲ್ಲಿ ಅವನು ಬರೀ ಸೇವಕ. ಸಂಶೋಧನೆಯ ನಂತರ ಮ್ಯೂಸಿಯಂ ಹೆಸರನ್ನು ಬದಲಿಸಿ "ಗುಲಾಮ ಮಗು" ಎಂದು ಸ್ಪಷ್ಟವಾಗಿ ಬರೆದಿದೆ. ಇಂಥ ಪಟ್ಟಿಯನ್ನು "ಆಭರಣ" ಎಂದು ಬರೆದ ಟಿಪ್ಪಣಿ ನನ್ನ ಕೈಗೆ ಬಂದಾಗ ನಿಜಕ್ಕೂ ಸಂಕಟವಾಯಿತು.

ಇದಕ್ಕೆ ಎದುರಾದ ತಪ್ಪೂ ಇದೆ. ಸ್ಕಾಟ್ಲೆಂಡಿನ ಸ್ಕೋನ್ ಅರಮನೆಯಲ್ಲಿ 1779ರ ಕಾಲದ ಚಿತ್ರವೊಂದಿದೆ. ಇಬ್ಬರು ಯುವತಿಯರು, ಒಬ್ಬಳು ಬಿಳಿ, ಒಬ್ಬಳು ಕಪ್ಪು. ಹಿಂದಿನವರು ಎರಡನೆಯವಳನ್ನು ಸೇವಕಿ ಎಂದು ಪಟ್ಟಿ ಮಾಡಿದ್ದರು. ಆಕೆ ಡಿಡೊ ಎಲಿಜಬೆತ್ ಬೆಲ್. ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮನೆಯಲ್ಲೇ ಬೆಳೆದವಳು, ಅವರ ಸೋದರಿಯ ಮೊಮ್ಮಗಳು. ಪಕ್ಕದಲ್ಲಿರುವ ಎಲಿಜಬೆತ್ ಮರ್ರೆ ಅವಳ ಸಂಬಂಧಿ. ರೇಷ್ಮೆಯ ಬಟ್ಟೆ, ಅವಳ ಕಡೆಗೆ ಚಾಚಿದ ಎಲಿಜಬೆತ್ ಕೈ ಎರಡೂ ಚಿತ್ರದಲ್ಲೇ ಇದ್ದವು. ನೋಡುವವರು ಬಣ್ಣವನ್ನಷ್ಟೇ ನೋಡಿದರು. ಆದ್ದರಿಂದ ಬಟ್ಟೆಯ ಬೆಲೆ, ಕುತ್ತಿಗೆ, ನಿಂತ ಜಾಗ, ಯಾರು ಯಾರನ್ನು ಮುಟ್ಟುತ್ತಿದ್ದಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಸಂಬಂಧದ ಹೆಸರು ಆಮೇಲೆ.

## ಹಂತ 7: ಹೆಸರನ್ನು ಪರೀಕ್ಷಿಸಿ

ಕ್ಯಾನ್ವಾಸಿನ ಮೂಲೆಯಲ್ಲಿ ಹೆಸರು ಬರೆದಿದೆ ಎಂದ ಮಾತ್ರಕ್ಕೆ ನಂಬಬೇಡಿ. ಒಂದೆರಡು ತಲೆಮಾರು ಕಳೆದ ಮೇಲೆ ಮನೆಯವರು ಬರೆಸಿದ್ದಿರಬಹುದು. ಒಂದು ಸುಲಭ ಪರೀಕ್ಷೆ ಇದೆ. ಹೆಸರಿನ ಜೊತೆ ಲಾರ್ಡ್, ಡ್ಯೂಕ್ ಅಂತ ಪದವಿ ಇದ್ದರೆ ಅದು ಯಾವ ವರ್ಷ ಸಿಕ್ಕಿತು ನೋಡಿ. ಬಟ್ಟೆ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದಾದರೆ ಬರಹ ಮುಂದೆ ಸೇರಿಸಿದ್ದು.

ಮೆಜೊಟಿಂಟ್ ಅಚ್ಚು ಸಿಕ್ಕಿದರೆ ಬಹಳ ಸಹಾಯ. ಕೆಳಗಿನ ಸಾಲಿನಲ್ಲಿ "ಪಿಂಕ್ಸಿಟ್" ಪಕ್ಕದಲ್ಲಿರುವವರು ಬಣ್ಣದ ಚಿತ್ರ ಬರೆದವರು. "ಸ್ಕಲ್ಪ್ಸಿಟ್" ಅಥವಾ "ಫೆಕಿಟ್" ಪಕ್ಕದಲ್ಲಿರುವವರು ಅಚ್ಚು ಕೊರೆದವರು. ಈ ಎರಡನ್ನು ಅದಲುಬದಲು ಮಾಡುವವರು ಜಾಸ್ತಿ. ಪ್ರಕಟವಾದ ದಿನಾಂಕವೂ ಎಷ್ಟೋ ಅಚ್ಚುಗಳಲ್ಲಿರುತ್ತದೆ.

ರಾಮ್ಸೆ ಬರೆದ ಮೂರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಉಡುಪಿನ ಚಿತ್ರದಂಥವು ಹಲವು ಕಡೆ ಕಂಡರೆ ಗಾಬರಿ ಬೇಡ. ಅವರ ಸ್ಟುಡಿಯೋ ಅದರ ಪ್ರತಿಗಳನ್ನು ಮಾಡಿ ಕಳಿಸುತ್ತಿತ್ತು. ನೀವು ನೋಡಿದ್ದು ಯಾವ ಪ್ರತಿ ಎಂದು ಮಾತ್ರ ಬರೆದಿಡಿ.

## ಹಂತ 8: ಈಗ ಮುಖ

ಕಾಗದ ತೆಗೆಯಿರಿ. ಮೊದಲು ಬಣ್ಣದ ಸ್ಥಿತಿ ನೋಡಿ. ರೆನಾಲ್ಡ್ಸ್ ಚರ್ಮಕ್ಕೆ ಬಳಸಿದ ಕೆಂಪು ಬಣ್ಣಗಳು ಬೇಗ ಮಾಸಿದವು. ಅವರ ಕಾಲದಲ್ಲೇ ಈ ದೂರು ಇತ್ತು. ಹಾಗಾಗಿ ಅವರ ಚಿತ್ರದಲ್ಲಿ ಮುಖ ಬಿಳಿಚಿಕೊಂಡಿದ್ದರೆ ಕಾಯಿಲೆ, ದುಃಖ ಅಂತ ಬರೆಯಬೇಡಿ. ಕಪ್ಪು ಭಾಗ ಮೊಸಳೆ ಚರ್ಮದಂತೆ ಬಿರಿದಿದ್ದರೆ ಅದೂ ಬಣ್ಣದ ದೋಷ.

ಆಮೇಲೆ ಅದೇ ಕಲಾವಿದರ ಇನ್ನೂ ಐದಾರು ಮುಖಗಳನ್ನು ಪಕ್ಕಪಕ್ಕ ಇಡಿ. ಅದೇ ಕಣ್ಣಿನ ರೆಪ್ಪೆ, ಅದೇ ಕಿರುನಗೆ ಎಲ್ಲರಲ್ಲೂ ಇದ್ದರೆ ಅದು ಕಲಾವಿದರ ಕೈ ಬರಹ. ಉಳಿದವರಲ್ಲಿ ಇಲ್ಲದ್ದು ಇವರಲ್ಲಿ ಏನಿದೆ? ಅಷ್ಟನ್ನು ಮಾತ್ರ ಇವರ ಮುಖ ಎಂದು ಬರೆಯಿರಿ. ಕೋರಮ್ ಅವರ ಕೆಂಪೇರಿದ, ಗಾಳಿಗೆ ಸವೆದ ಮುಖ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

## ಹಂತ 9: ಬರೆಯುವುದು

ನೋಟ್‌ಬುಕ್ಕಿನ ಎಡಭಾಗದಿಂದ ಶುರು ಮಾಡಿ. ಪ್ರತಿ ಊಹೆಯ ಹಿಂದೆಯೂ ಒಂದು "ಕಾಣುವುದು" ಇರಲೇಬೇಕು. ಇಲ್ಲದಿದ್ದರೆ ಆ ಊಹೆಯನ್ನು ಹೊಡೆದುಹಾಕಿ. ಆಂಡ್ರೂಸ್ ದಂಪತಿಯ ಚಿತ್ರಕ್ಕೆ "ಶ್ರೀಮಂತ ದಂಪತಿ ಹೆಮ್ಮೆಯಿಂದ ಕೂತಿದ್ದಾರೆ" ಎನ್ನುವ ಬದಲು ಹೀಗೆ ಬರೆಯಬಹುದು: "ಗಂಡನ ಕಂಕುಳಲ್ಲಿ ಬಂದೂಕು, ಕಾಲ ಬಳಿ ನಾಯಿ. ಹೆಂಡತಿ ಅಗಲವಾದ ನೀಲಿ ಲಂಗದಲ್ಲಿ ಹೊಲದ ಅಂಚಿನ ಬೆಂಚಿನ ಮೇಲೆ ಕೂತಿದ್ದಾಳೆ. ಇಬ್ಬರಿಗೂ 1748ರಲ್ಲಿ ಮದುವೆಯಾಗಿತ್ತು. ಕ್ಯಾನ್ವಾಸಿನ ಅರ್ಧಕ್ಕಿಂತ ಜಾಸ್ತಿ ಜಾಗ ಭೂಮಿಗೆ ಹೋಗಿದೆ."

ಇನ್ನು ಆಕೆಯ ಮಡಿಲಿಗೆ ಬನ್ನಿ. ಅಲ್ಲಿ ಗೇನ್ಸ್‌ಬರೊ ಒಂದು ತುಂಡು ಜಾಗವನ್ನು ಬಣ್ಣ ತುಂಬದೆ ಬಿಟ್ಟಿದ್ದಾರೆ. ಬೇಟೆಯ ಹಕ್ಕಿ ಬರಬೇಕಿತ್ತು ಎನ್ನುವವರಿದ್ದಾರೆ, ಮುಂದೆ ಹುಟ್ಟುವ ಮಗುವಿಗೆ ಜಾಗ ಎನ್ನುವವರಿದ್ದಾರೆ. ಎರಡನ್ನೂ ಬಲಭಾಗದಲ್ಲಿ ಬರೆದುಕೊಳ್ಳಿ. ಎಡಭಾಗದಲ್ಲಿ ಮಾತ್ರ "ಮಡಿಲು ಮುಗಿದಿಲ್ಲ" ಎಂದು ಬರೆದು ಪೆನ್ನು ಕೆಳಗಿಡಿ.